ಗೇಣಿ

ನನ್ನ ಆಟೋಗೆ ಹಸಿರು ನಂಬರ್ ಪ್ಲೇಟು,
ಹೂವಜ್ಜಿಯ ಎಡಗಣ್ಣಿಗೆ ಹಸಿರು ಬಟ್ಟೆ.
ಮೆಗ್ಗಾನ್ ಆಸ್ಪತ್ರೆಯ ಗೇಟಿನಲ್ಲಿ ಹತ್ತಿಸಿಕೊಳ್ಳುವಾಗ
ಸೆಕ್ಯೂರಿಟಿಯವ ಇಬ್ಬರನ್ನೂ ನೋಡಿ ನಕ್ಕ.

ಅಜ್ಜಿ ಮೊದಲು ಮೂಸಿದಳು:
ಸೀಟು, ಸರಳು, ನನ್ನ ಖಾಕಿಯ ತೋಳು.
"ವಾಸ್ನೆನೇ ಇಲ್ವಲ್ಲೋ ತಮ್ಮಾ, ಇದು ಹೊರಡ್ತದಾ?"
ಹೊರಟಾಗಿತ್ತು ಆಗಲೇ,
ಮಗು ಮಲಗಿದ ಕೋಣೆ ದಾಟುವವರ ಹಾಗೆ
ಗೋಪಿ ಸರ್ಕಲ್ಲಿನ ಗದ್ದಲವನ್ನು ದಾಟುತ್ತಿತ್ತು.

ಡೀಸೆಲ್ಲು ಅವಳಿಗೆ ಆಗದು.
ಜೀವಮಾನದಲ್ಲಿ ಅವಳು ಕಂಡ ಮೊದಲ ಮೋಟಾರು
ಊರು ಖಾಲಿ ಮಾಡಿಸಲು ಬಂದ ಲಾರಿ.
ಒನಕೆ, ಕೋಳಿಗೂಡು, ಬಾಣಂತಿ ಅತ್ತಿಗೆ,
ಬಾಗಿಲು ಕಿತ್ತ ಬಾಗಿಲುವಾಡ,
ಎಲ್ಲದರ ಮೇಲೆ ಇಪ್ಪತ್ತರ ಅವಳು.
ಯಾವುದೋ ಕಾಡಿನ ತಿರುವಿನಲ್ಲಿ ಇಳಿಸಿ ಹೋಗುವ ತನಕ
ದಾರಿಯುದ್ದ ವಾಂತಿ.
ಇವತ್ತಿಗೂ ಸಾಗರದ ಬಸ್ಸು ಹೊಗೆ ಬಿಟ್ಟರೆ
ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ.

ನನಗೋ ಹಳೆಯ ಗಾಡಿಯ ಸದ್ದೆಂದರೆ ಮೋಹ.
ಆಟೋ ಕಾಂಪ್ಲೆಕ್ಸಿನ ಖಲಂದರ್ ಸಾಬರು
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು
ಒಳಗಿನ ಕಾಯಿಲೆ ಹೇಳುತ್ತಿದ್ದರು.
ಹೊಸದಕ್ಕೂ ಹಾಗೇ ಇಟ್ಟರು. ಬಹಳ ಹೊತ್ತು ಇಟ್ಟರು.
"ಬಾಯೇ ಬಿಡ್ತಿಲ್ಲ ಪರಮೇಶಿ" ಅಂದು
ಚಹಾ ತರಿಸಿದರು, ಅದರ ದುಡ್ಡೂ ಅವರೇ ಕೊಟ್ಟರು.

ಕಂತು ಇದೆ. ಆದರೂ ಪೆಟ್ರೋಲಿನ ಕಾಸು ಉಳಿಯುತ್ತದೆ,
ಸಂಜೆ ಮೂಗೊರೆಸಿದರೆ ಕರವಸ್ತ್ರ ಕಪ್ಪಾಗುವುದಿಲ್ಲ.
ಬೀಡಾಡಿ ಹಸುಗಳು ಮಾತ್ರ ಏಳುವುದೇ ಇಲ್ಲ,
ನಾನು ಬಂದದ್ದು ಅವಕ್ಕೆ ಗೊತ್ತಾಗಬೇಕಲ್ಲ.

"ಮತ್ತೆ ಇದರ ಹೊಟ್ಟೆಗೇನು?"
ಕರೆಂಟು ಅಜ್ಜಿ.
"ಕರೆಂಟು ಎಲ್ಲಿಂದ?"
ಗೋಡೆಯಿಂದ ಅನ್ನಬಹುದಿತ್ತು.
ರಾಯಚೂರಿನ ಕಲ್ಲಿದ್ದಲಿನದೂ ಇರಬಹುದು,
ತಂತಿಯಲ್ಲಿ ಬಂದದ್ದಕ್ಕೆ ಗೋತ್ರ ಇಲ್ಲ ಅಂತಾನೆ ನಮ್ಮ ಲೈನ್‌ಮನ್.
ಆದರೆ ಬಾಯಿಗೆ ಬಂದದ್ದು: ಶರಾವತಿ ಹೊಳೆಯಿಂದ.

ಅಜ್ಜಿ ಮಾತಾಡಲಿಲ್ಲ.
ತುಂಗೆಯ ಸೇತುವೆ ಹಿಂದೆ ಹೋಗಿ ಬಹಳ ಹೊತ್ತಾಗಿತ್ತು.
ಆಯನೂರಿನ ದಾರಿಯ ಸಾಗವಾನಿ ಸಾಲು ಶುರುವಾದಾಗ
ತೆರೆದ ಒಂದು ಕಣ್ಣನ್ನು ಕನ್ನಡಿಯಲ್ಲಿ ನನಗೆ ನೆಟ್ಟು ಅಂದಳು:
"ಹಂಗಾರೆ ನಮ್ಮ ಗದ್ದೆ ಮೇಲೆ ಓಡಿಸ್ತಾ ಇದೀಯ."

ಈಗ ನಾನು ಪೇಪರಿನಲ್ಲಿ ಮೊದಲು ನೋಡುವುದು
ಲಿಂಗನಮಕ್ಕಿಯ ನೀರಿನ ಮಟ್ಟ.
ಇಳಿದರೆ ಎದೆ ಧಸಕ್ಕೆನ್ನುತ್ತದೆ: ಲೋಡ್ ಶೆಡ್ಡಿಂಗು,
ಅರ್ಧ ಚಾರ್ಜು, ಅರ್ಧ ಬಾಡಿಗೆ.
ಅವಳಿಗೆ ಹೇಳಿದರೆ ಮುಖ ಅರಳಿತು:
"ಇಳೀಲಿ ಬಿಡು. ನೀರು ಇಳಿದ್ರೆ ನಮ್ಮ ಮೆಟ್ಲು ಕಾಣ್ತೈತೆ,
ಹೊಂಗೆ ಮರದ ಬುಡ ಕಾಣ್ತೈತೆ.
ನಿಂಗೆ ಸಂಕಟ ಬಂದ ವರ್ಷ ನಂಗೆ ಊರು."

ಮನೆ ಮುಂದೆ ಇಳಿದು ಗಂಟು ಬಿಚ್ಚಲಿಲ್ಲ.
"ಬಾಡಿಗೆ ಅಜ್ಜಿ" ಅಂದೆ, ತಮಾಷೆಗೇ.
"ಯಾರು ಯಾರಿಗೋ?" ಅಂದಳು.
"ಒಡೆಯರಿಗೆ ನಾವು ಗೇಣಿ ಅಳೆದದ್ದು ಎಷ್ಟು ವರ್ಷ!
ಕೊಡುವಾಗ ಅವರ ಕೊಳಗ ದೊಡ್ಡದು,
ತರುವಾಗ ಸಣ್ಣದು. ಈಗ ಉಳುತ್ತಿರೋನು ನೀನು.
ಅಳಿ."

ಎಷ್ಟು ಉಳಿದಿದೆ ಅಂತ ಕೇಳಿದಳು.
ಮೂವತ್ತೆಂಟು ಪರ್ಸೆಂಟು.
"ಅಂದ್ರೆ ಎಷ್ಟು ಕೊಳಗ?"
ನನ್ನ ಹತ್ತಿರ ಆ ಲೆಕ್ಕ ಇರಲಿಲ್ಲ.

ಆಮೇಲೆ ಪ್ರತಿ ಸೋಮವಾರ
ಕಣ್ಣಿನ ಹನಿಗೆ ಅವಳನ್ನು ಕರೆತಂದು ಬಿಡುತ್ತೇನೆ.
ಜಗುಲಿಯ ಗೋಡೆಗೆ ಅವಳು ಇದ್ದಿಲಿನಲ್ಲಿ ಗೆರೆ ಎಳೆಯುತ್ತಾಳೆ.
ಪಟ್ಟಿ ಬಿಚ್ಚಿಯಾಯಿತು, ಕಣ್ಣು ಚುರುಕಾಯಿತು,
ಡಾಕ್ಟರು ಇನ್ನು ಬರಬೇಕಿಲ್ಲ ಅಂದರು.

ಸೋಮವಾರ ಎಂಟಕ್ಕೆ ಫೋನು:
"ಎಲ್ಲಿದೀಯ? ಬಾ.
ಹನ್ನೊಂದೇ ಗೆರೆ ಆಗಿರೋದು."